ರೋಗಿಯ ಕಡೆಯವರು ಕೂಗಿದಾಗ ಬರುವವರು ಯಾರು?

ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಹಾಗೂ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಆಸ್ಪತ್ರೆಗಳ ವಾರ್ಡುಗಳಲ್ಲಿ ದಿನಕ್ಕೆ ಹತ್ತಾರು ಬಾರಿ ಕೇಳಿಬರುವ ಮಾತು ಒಂದಿದೆ: “ಈ ಪೇಷೆಂಟ್ ಕಡೆಯವರು ಯಾರು?” ಔಷಧದ ಚೀಟಿ ಕೊಡುವಾಗ, ರಕ್ತ ತರಿಸುವಾಗ, ಸಹಿ ಹಾಕಿಸುವಾಗ, ಬಿಲ್ ಕಟ್ಟಿಸುವಾಗ ಈ ಕೂಗು ಬರುತ್ತದೆ. ಕಡೆಯವರು ಉಣ್ಣುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಓಡುತ್ತಾರೆ. ಅದೇ ಕಡೆಯವರು ನಡುರಾತ್ರಿ ಎದ್ದು “ನಮ್ಮ ಪೇಷೆಂಟಿಗೆ ಏನೋ ಆಗುತ್ತಿದೆ, ಬನ್ನಿ” ಎಂದು ಕೂಗಿದರೆ ಓಡಿ ಬರಬೇಕಾದವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗದ ಒಂದು ರಾತ್ರಿಯನ್ನು ನಾನು ಕಳೆದಿದ್ದೇನೆ. ಆ ಉತ್ತರವನ್ನು ಈ ಜಿಲ್ಲೆಯ ಪ್ರತಿ ವಾರ್ಡಿನ ಗೋಡೆಯ ಮೇಲೆ ನೀವು ಬರೆಸಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಎರಡು ವರ್ಷಗಳ ಹಿಂದಿನ ಏಪ್ರಿಲ್. ಅರವತ್ನಾಲ್ಕು ವರ್ಷದ ನನ್ನ ಅವ್ವನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಆಸ್ಪತ್ರೆ ಕಲಬುರಗಿ ನಗರದ್ದೇ. ಅದರ ಹೆಸರನ್ನು ಬರೆಯುವುದಿಲ್ಲ. ಸರ್ಕಾರಿಯೋ ಖಾಸಗಿಯೋ ಎಂಬುದನ್ನೂ ಹೇಳುವುದಿಲ್ಲ, ಏಕೆಂದರೆ ನನ್ನ ದೂರು ಒಂದು ಕಟ್ಟಡದ ಮೇಲಿಲ್ಲ. ಆಪರೇಷನ್ ಆದ ಎರಡನೆಯ ರಾತ್ರಿ. ಮಹಿಳೆಯರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲವಾದ್ದರಿಂದ ತಮ್ಮ ಕೆಳಗೆ ಗೇಟಿನ ಹತ್ತಿರ ಚಾಪೆ ಹಾಸಿಕೊಂಡಿದ್ದ. ಮೇಲೆ ನಾನೊಬ್ಬಳೇ. ಫ್ಯಾನಿನ ಗಾಳಿಯೂ ಒಲೆಯ ಮುಂದೆ ಕುಳಿತ ಹಾಗೆ ಬಿಸಿಯಾಗಿತ್ತು. ಆದರೆ ಅವ್ವನ ಕೈಬೆರಳುಗಳು ತಣ್ಣಗಿದ್ದವು.

ಹನ್ನೊಂದೂವರೆಯ ಹೊತ್ತಿಗೆ ಅವ್ವನ ಉಸಿರಾಟ ಬದಲಾಗಿದ್ದು ಗೊತ್ತಾಯಿತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಉಸಿರಾಟದ ಪಾಠ ಮಾಡುವಾಗ ಮಕ್ಕಳಿಂದ ಒಂದು ನಿಮಿಷ ಉಸಿರು ಎಣಿಸುವ ಚಟುವಟಿಕೆ ಮಾಡಿಸುತ್ತೇನೆ. ಆ ರಾತ್ರಿ ಮೊಬೈಲಿನ ಗಡಿಯಾರ ನೋಡುತ್ತ ಅವ್ವನ ಉಸಿರನ್ನು ಎಣಿಸಿದೆ. ನಿಮಿಷಕ್ಕೆ 28. ಮೂತ್ರದ ಚೀಲ ಸಂಜೆ ಎಷ್ಟಿತ್ತೋ ಅಷ್ಟೇ ಇತ್ತು. ಸ್ವಲ್ಪ ಹೊತ್ತಿಗೆ ಅವ್ವ “ಎಮ್ಮೆ ಕಟ್ಟಿದಿರೇನು?” ಎಂದು ಕೇಳಿದರು. ನಮ್ಮ ಮನೆಯ ಎಮ್ಮೆ ಮಾರಿ ಆರು ವರ್ಷಗಳಾಗಿದ್ದವು.

ನರ್ಸ್ ಹತ್ತಿರ ಹೋದೆ. ಇಡೀ ವಾರ್ಡಿಗೆ ಅವರೊಬ್ಬರೇ. ಯಾರಿಗೋ ಸೂಜಿ ಚುಚ್ಚುತ್ತಿದ್ದವರು ಅದನ್ನು ಮುಗಿಸಿ ಬಂದು ಬಿಪಿ ನೋಡಿದರು. ಮೇಲಿನ ಅಂಕಿ 96. “ಸ್ವಲ್ಪ ಕಡಿಮೆ ಇದೆ, ಆಪರೇಷನ್ ಆದವರಿಗೆ ಹೀಗಾಗುತ್ತದೆ. ಡಾಕ್ಟರಿಗೆ ಫೋನ್ ಮಾಡುತ್ತೇನೆ” ಎಂದರು. ಮಾಡಿದರು ಕೂಡ, ಆ ಕಡೆ ಯಾರೂ ಎತ್ತಲಿಲ್ಲ. ಒಂದು ಗಂಟೆಗೆ ಮತ್ತೆ ಹೋದೆ. “ಬೆಳಿಗ್ಗೆ ರೌಂಡ್ಸಿಗೆ ಬರುತ್ತಾರೆ ಅಕ್ಕಾ, ಆಗ ಹೇಳೋಣ” ಎಂದರು. ಆ ತಂಗಿಯ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಅವರ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

ಮೂರನೆಯ ಸಲ ನಾನು ಹೋಗಲಿಲ್ಲ.

ಮಾನ್ಯರೇ, ಈ ಒಂದು ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಅವ್ವನಿಗೆ ಏನೋ ಕೆಟ್ಟದ್ದಾಗುತ್ತಿದೆ ಎಂದು ನನಗೆ ಖಾತ್ರಿಯಿತ್ತು. ಆದರೂ ಹೋಗಲಿಲ್ಲ. ಪದೇ ಪದೇ ಹೋದರೆ ಅವರಿಗೆ ಬೇಸರವಾಗಬಹುದು, ಆ ಬೇಸರ ನಾಳೆ ಅವ್ವನ ಮೇಲೆ ತಿರುಗಬಹುದು ಎಂಬ ಹೆದರಿಕೆ. ಹದಿನೆಂಟು ವರ್ಷ ಪಾಠ ಮಾಡಿದವಳು, ಸಭೆಗಳಲ್ಲಿ ಮೈಕ್ ಹಿಡಿದು ಮಾತಾಡುವವಳು, ಅವ್ವನ ಕೈ ಉಜ್ಜುತ್ತ, ಶರಣಬಸವೇಶ್ವರರಿಗೆ ಹರಕೆ ಹೊರುತ್ತ ಸುಮ್ಮನೆ ಕುಳಿತೆ. ನಾನೇ ಹೀಗೆ ಕುಳಿತೆನೆಂದರೆ ತಾಂಡಾದಿಂದ ಮೊದಲ ಸಲ ನಗರದ ಆಸ್ಪತ್ರೆಗೆ ಬಂದ ತಾಯಿ ಏನು ಮಾಡಬೇಕು?

ಪಕ್ಕದ ಹಾಸಿಗೆಯಲ್ಲಿ ಶಹಾಪುರದ ಕಡೆಯ ಒಬ್ಬ ಹೆಣ್ಣುಮಗಳು ತನ್ನ ಮಗಳನ್ನು ಹಾಕಿಕೊಂಡು ಹನ್ನೊಂದು ದಿನಗಳಿಂದ ಇದ್ದರು. ಅವರಿಗೆ ಓದು ಬರಹ ಬಾರದು. ಎರಡೂವರೆಯ ಹೊತ್ತಿಗೆ ಎದ್ದು ಬಂದು ಅವ್ವನ ಪಾದ ಮುಟ್ಟಿ ನೋಡಿದರು. “ಬೆಳಗಾಗುವ ತನಕ ಕಾಯಬೇಡವ್ವಾ. ನಾನೊಮ್ಮೆ ಕಾದಿದ್ದೆ” ಎಂದು ಹೇಳಿ, ನನ್ನ ಉತ್ತರಕ್ಕೂ ನಿಲ್ಲದೆ ಬರಿಗಾಲಲ್ಲಿ ಮೆಟ್ಟಿಲಿಳಿದು ಹೋದರು. ರಾತ್ರಿ ಕ್ಯಾಜುವಾಲ್ಟಿಯಲ್ಲಿ ಒಬ್ಬ ಡ್ಯೂಟಿ ಡಾಕ್ಟರ್ ಇರುತ್ತಾರೆ ಎಂಬುದು ಹನ್ನೊಂದು ದಿನಗಳಲ್ಲಿ ಅವರಿಗೆ ಗೊತ್ತಾಗಿತ್ತು. ಎರಡು ದಿನಗಳ ನನಗೆ ಗೊತ್ತಿರಲಿಲ್ಲ. ಹತ್ತು ನಿಮಿಷಗಳಲ್ಲಿ ಒಬ್ಬ ಯುವ ವೈದ್ಯರನ್ನು ಕರೆದುಕೊಂಡೇ ಬಂದರು. ಆತ ಅವ್ವನ ಉಗುರು ಒತ್ತಿ ನೋಡಿದ, ಎದೆಯ ಏರಿಳಿತ ನೋಡಿದ, ಆಮೇಲೆ ಮಾತಾಡಲಿಲ್ಲ, ಓಡಾಡಿದ. ಆಕ್ಸಿಜನ್ ಬಂತು, ಎರಡೂ ಕೈಗಳಿಗೆ ಸಲೈನ್ ಬಂತು, ಐಸಿಯುಗೆ ಫೋನ್ ಹೋಯಿತು. ಹೊಟ್ಟೆಯೊಳಗೆ ಪಿತ್ತರಸ ಸೋರಿ ನಂಜು ರಕ್ತಕ್ಕೆ ಏರಿತ್ತು. ಅವ್ವ ಒಂಬತ್ತು ದಿನ ಐಸಿಯುನಲ್ಲಿದ್ದು ಮನೆಗೆ ಬಂದರು. ಇಂದಿಗೂ ಇದ್ದಾರೆ.

ಅಂದು ಯಾರಿಗಾಗಿ ಕಾದಿದ್ದಿರಿ ಎಂದು ಆ ಹೆಣ್ಣುಮಗಳನ್ನು ನಾನು ಆಮೇಲೆ ಕೇಳಿದೆ. “ನಮ್ಮ ಮನೆಯವರಿಗಾಗಿ” ಎಂದರು. ಮುಂದೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ತಾಯಿಯ ಮಗಳಿಗೆ ಹಿಂದಿನ ದಿನವೇ ಡಿಸ್ಚಾರ್ಜ್ ಆಗಿದ್ದರೆ? ನನ್ನ ಅವ್ವ ಬದುಕಿದ್ದು ಪಕ್ಕದ ಹಾಸಿಗೆಯ ಪುಣ್ಯದಿಂದ. ಹತ್ತಾರು ಲಕ್ಷ ಜನರ ಆರೋಗ್ಯವನ್ನು ಪಕ್ಕದ ಹಾಸಿಗೆಯ ಮೇಲೆ ಬಿಡಲಾಗದು.

ರಸ್ತೆಯಲ್ಲಿ ಬಿದ್ದವನಿಗೆ ಈ ರಾಜ್ಯದಲ್ಲಿ ಒಂದು ಸಂಖ್ಯೆ ಇದೆ. 2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಆಂಬ್ಯುಲೆನ್ಸ್ ಸೇವೆ ಆರಂಭವಾದ ಮೇಲೆ 108 ಎಂಬುದು ನಮ್ಮ ಹಳ್ಳಿಯ ಮಕ್ಕಳ ಬಾಯಲ್ಲೂ ಇದೆ. ಹೊಲದಲ್ಲಿ ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ, ಬೈಕ್ ಬಿದ್ದರೆ ಯಾರ ಅಪ್ಪಣೆಗೂ ಕಾಯದೆ ಯಾರು ಬೇಕಾದರೂ ಕರೆಯಬಹುದು. ಕಾನೂನೂ ಬಾಗಿಲಿನವರೆಗೆ ನಮ್ಮ ಜೊತೆಗೆ ಬರುತ್ತದೆ. ತುರ್ತು ಸ್ಥಿತಿಯಲ್ಲಿ ಬಂದವರ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಕೋಲ್ಕತ್ತದ ಆಸ್ಪತ್ರೆಗಳು ಒಂದರ ನಂತರ ಒಂದು ವಾಪಸ್ ಕಳುಹಿಸಿದ ಪ್ರಕರಣದಲ್ಲಿ, ತುರ್ತು ಚಿಕಿತ್ಸೆ ಸಿಗದಿದ್ದರೆ ಅದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಉಲ್ಲಂಘನೆ ಎಂದು 1996ರಲ್ಲಿ ತೀರ್ಪು ಕೊಟ್ಟಿತು. ಇಷ್ಟೆಲ್ಲ ಗೇಟಿನ ಹೊರಗಿರುವವರಿಗೆ. ಒಳಗೆ ಸೇರಿ, ಹಾಸಿಗೆ ಸಿಕ್ಕಿ, ಕೇಸ್ ಶೀಟ್ ಬರೆದಾದ ಮೇಲೆ ರೋಗಿ ಕುಸಿಯತೊಡಗಿದರೆ ಅವನ ಮನೆಯವರು ಒತ್ತಬಹುದಾದ ಒಂದು ಸಂಖ್ಯೆಯೂ ಇಲ್ಲ.

ಗೋಡೆಯ ಮೇಲೆ ಫಲಕಗಳಿಗೇನೂ ಕಡಿಮೆ ಇಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಜೈಲು ಎಂದು 2009ರ ಕಾಯ್ದೆಯನ್ನು ಉಲ್ಲೇಖಿಸಿ ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಬರೆಯಲೇಬೇಕು. ಹಗಲು ರಾತ್ರಿ ದುಡಿಯುವವರ ಮೇಲೆ ಕೈಯೆತ್ತುವುದನ್ನು ಯಾವ ದುಃಖವೂ ಸಮರ್ಥಿಸುವುದಿಲ್ಲ. ಆದರೆ ಆ ಫಲಕ ನಾವು ಏನು ಮಾಡಬಾರದು ಎಂಬುದನ್ನಷ್ಟೇ ಹೇಳುತ್ತದೆ. ಕಣ್ಣ ಮುಂದೆ ನಮ್ಮವರು ಜಾರಿಹೋಗುತ್ತಿರುವಾಗ ನಾವು ಏನು ಮಾಡಬೇಕು ಎಂದು ಹೇಳುವ ಫಲಕವನ್ನು ನಾನು ಯಾವ ವಾರ್ಡಿನಲ್ಲೂ ಕಂಡಿಲ್ಲ.

ನಮ್ಮ ವಾರ್ಡುಗಳಲ್ಲಿ ರೋಗಿಯನ್ನು ನಿಜವಾಗಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ನೀವೂ ಬಲ್ಲಿರಿ. ಸಲೈನ್ ಬಾಟಲಿ ಖಾಲಿಯಾಗುವುದನ್ನು ಕಾದು ಕುಳಿತು ಹೇಳುವವರು, ಮೂತ್ರದ ಚೀಲ ಬರಿದು ಮಾಡುವವರು, ಮಗ್ಗುಲು ಹೊರಳಿಸುವವರು, ಗಂಜಿ ಕುಡಿಸುವವರು, ಸ್ಕ್ಯಾನಿಂಗಿಗೆ ಸ್ಟ್ರೆಚರ್ ತಳ್ಳುವವರು ಮನೆಯವರು. ಬಾಣಂತಿಯರ ವಾರ್ಡಿಗೆ ಹೋಗಿ ನೋಡಿ. ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅಪಾಯ, ನಿಲ್ಲದ ರಕ್ತಸ್ರಾವ ಎರಡು ಗಂಟೆಗಳೊಳಗೆ ಜೀವ ತೆಗೆಯಬಲ್ಲದು. ಬಾಣಂತಿಯ ಬಟ್ಟೆ ಬದಲಿಸುವವಳು ಅವಳ ತಾಯಿಯೋ ಅತ್ತೆಯೋ ಆಗಿರುತ್ತಾಳೆ. ರಕ್ತ ಹೆಚ್ಚಾಯಿತು ಎಂಬುದು ಮೊದಲು ಅವಳ ಕೈಗೇ ಗೊತ್ತಾಗುತ್ತದೆ. ಆಸ್ಪತ್ರೆ ಅವಳ ಕೈಗಳನ್ನು ಹಗಲಿರುಳು ಬಳಸಿಕೊಳ್ಳುತ್ತದೆ. ಅವಳ ಮಾತಿಗೆ ಮಾತ್ರ ಕೇಸ್ ಶೀಟಿನಲ್ಲಿ ಜಾಗವಿಲ್ಲ.

ಮನೆಯವರ ಮಾತು ಬರೀ ಗಾಬರಿಯಲ್ಲ ಎಂಬುದಕ್ಕೆ ವೈದ್ಯ ವಿಜ್ಞಾನದಲ್ಲೇ ಆಧಾರವಿದೆ. ಆಸ್ಪತ್ರೆಯಲ್ಲಿ ಹೃದಯ ನಿಲ್ಲುವುದು ಹೆಚ್ಚಿನ ಸಲ ಸಿಡಿಲು ಬಡಿದ ಹಾಗೆ ಏಕಾಏಕಿ ಅಲ್ಲ. ಅದಕ್ಕೆ ಗಂಟೆಗಟ್ಟಲೆ ಮೊದಲೇ ಉಸಿರು, ನಾಡಿ, ಬಿಪಿ, ಎಚ್ಚರ ಬದಲಾಗುತ್ತ ಬರುತ್ತವೆ. ಹೃದಯ ನಿಂತ ಮೇಲೆ ಓಡುವ ಬದಲು ಬದಲಾವಣೆ ಕಂಡ ಕೂಡಲೇ ಓಡುವ ತಂಡವನ್ನು ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆ 1990ರಲ್ಲೇ ಕಟ್ಟಿತು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಒಂದು ಅಂಕಪಟ್ಟಿ ಮಾಡಿ 2017ರಲ್ಲಿ ಪರಿಷ್ಕರಿಸಿತು. ಉಸಿರಿನ ವೇಗ, ರಕ್ತದ ಆಮ್ಲಜನಕ, ಬಿಪಿ, ನಾಡಿ, ಮೈಶಾಖ, ಎಚ್ಚರ ಎಂಬ ಆರಕ್ಕೂ ಅಂಕಗಳು. ಎಷ್ಟು ಹೆಚ್ಚು ಅಂಕವೋ ಅಷ್ಟು ಅಪಾಯ. ಒಟ್ಟು 5 ಮುಟ್ಟಿದರೆ ವೈದ್ಯರು ತುರ್ತಾಗಿ ಬಂದು ನೋಡಬೇಕು. 7 ಮುಟ್ಟಿದರೆ ಅದು ತುರ್ತುಸ್ಥಿತಿ.

ಅವ್ವ ಮನೆಗೆ ಬಂದ ಮೇಲೆ ಒಂದು ರಾತ್ರಿ ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಉಸಿರು 25 ಮುಟ್ಟಿದರೆ 3 ಅಂಕ. ಹೊಸದಾಗಿ ಮಾತು ಗೊಂದಲವಾದರೆ 3. ಬಿಪಿಯ ಮೇಲಿನ ಅಂಕಿ 91ರಿಂದ 100ರ ನಡುವೆ ಇದ್ದರೆ 2. ಒಟ್ಟು 8. ನಾಡಿಯನ್ನೂ ಆಮ್ಲಜನಕವನ್ನೂ ಸೇರಿಸುವ ಮೊದಲೇ 8. ಈ ಎಂಟರಲ್ಲಿ ಆರು ಅಂಕಗಳು ಯಾವ ಯಂತ್ರವೂ ಇಲ್ಲದೆ ನನ್ನ ಕಣ್ಣಿಗೆ ಕಂಡಿದ್ದವು. ಒಂದು ಗಡಿಯಾರ, ಮತ್ತು ನಮ್ಮ ಮನೆಯಲ್ಲಿ ಈಗ ಎಮ್ಮೆ ಇಲ್ಲ ಎಂಬ ತಿಳಿವಳಿಕೆ. ಎರಡನೆಯದು ಜಗತ್ತಿನ ಯಾವ ವೈದ್ಯರ ಬಳಿಯೂ ಇರಲಾರದು. ಅವ್ವ ಯಾವ ಮಾತನ್ನು ಎಚ್ಚರದಲ್ಲಿ ಆಡುತ್ತಾರೆ, ಯಾವುದನ್ನು ಆಡುವುದಿಲ್ಲ ಎಂಬುದು ಮಗಳಿಗಷ್ಟೇ ಗೊತ್ತು. ನಂಜಿನಿಂದ ಬಿಪಿ ಕುಸಿದವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಾವು ಹನ್ನೊಂದೂವರೆಯಿಂದ ಎರಡೂವರೆಯವರೆಗೆ ಮೂರು ಗಂಟೆ ಕಳೆದಿದ್ದೆವು.

ಇದು ನಮ್ಮ ಊರಿನ ಬಡತನದ ಕಥೆ ಮಾತ್ರ ಎಂದುಕೊಂಡಿದ್ದೆ. ಓದುತ್ತ ಹೋದಂತೆ ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ತಾಯಂದಿರು ಇದೇ ರಾತ್ರಿಯನ್ನು ಕಳೆದಿದ್ದಾರೆ ಎಂದು ತಿಳಿಯಿತು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 2001ರಲ್ಲಿ ಒಂದೂವರೆ ವರ್ಷದ ಜೋಸಿ ಕಿಂಗ್ ಎಂಬ ಕೂಸು ಬಿಸಿನೀರಿನ ಸುಟ್ಟಗಾಯಗಳಿಂದ ಚೇತರಿಸಿಕೊಳ್ಳುತ್ತಿತ್ತು. ಮಗುವಿಗೆ ವಿಪರೀತ ಬಾಯಾರಿಕೆ. ಒದ್ದೆ ಬಟ್ಟೆ ಸಿಕ್ಕರೆ ಚೀಪುತ್ತಿತ್ತು. ತಾಯಿ ಸಾರೆಲ್ ಕಿಂಗ್ ಮತ್ತೆ ಮತ್ತೆ ಹೇಳಿದರು. ಕೊನೆಗೆ ನೀರಿನಂಶ ಬತ್ತಿದ ಆ ಮೈಗೆ, ಕೊಡಬಾರದೆಂದು ತೀರ್ಮಾನವಾಗಿದ್ದ ನೋವಿನ ಔಷಧವನ್ನೂ ಕೊಟ್ಟರು. ತಾಯಿ ಪ್ರಶ್ನಿಸಿದ್ದರು. ಮಗು ಉಳಿಯಲಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಮಕ್ಕಳನ್ನು ಬೆಳೆಸಿದ ಯಾವ ತಾಯಿಗಾದರೂ ಬತ್ತಿದ ತುಟಿ ಏನು ಹೇಳುತ್ತದೆಂದು ಕಲಿಸಬೇಕಾಗಿಲ್ಲ. ಆ ಸಾವಿನ ನಂತರ 2005ರಲ್ಲಿ ಪಿಟ್ಸ್‌ಬರ್ಗಿನ ಶೇಡಿಸೈಡ್ ಆಸ್ಪತ್ರೆ, ರೋಗಿಯೋ ಮನೆಯವರೋ ನೇರವಾಗಿ ಫೋನ್ ಮಾಡಿ ತುರ್ತು ತಂಡವನ್ನು ಹಾಸಿಗೆಯ ಬಳಿಗೆ ಕರೆಸಿಕೊಳ್ಳುವ ವ್ಯವಸ್ಥೆ ಮಾಡಿತು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇನ್ನೂ ಮೂರು ತುಂಬದ ರಯಾನ್ ಸಾಂಡರ್ಸ್ 2007ರಲ್ಲಿ ಸೋಂಕಿನಿಂದ ಸತ್ತ. ಮಗ ಹದಗೆಡುತ್ತಿದ್ದಾನೆ ಎಂದು ಹೆತ್ತವರು ಹೇಳಿದ್ದರು. ಇಂದು ಅಲ್ಲಿ ಅವನ ಹೆಸರಿನ ನಿಯಮವಿದೆ: ಮೊದಲು ನರ್ಸ್ ಅಥವಾ ವೈದ್ಯರಿಗೆ ಹೇಳಿ, ಸಮಾಧಾನವಾಗದಿದ್ದರೆ ಪಾಳಿಯ ಮುಖ್ಯಸ್ಥರಿಗೆ ಹೇಳಿ, ಆಗಲೂ ಆಗದಿದ್ದರೆ ರಾಜ್ಯದ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ ಬೇರೆ ವೈದ್ಯರನ್ನು ಕರೆಸಿಕೊಳ್ಳಿ. ಲಂಡನ್ನಿನ ಹದಿಮೂರು ವರ್ಷದ ಮಾರ್ಥಾ ಮಿಲ್ಸ್ ಸೈಕಲ್ಲಿನಿಂದ ಬಿದ್ದು ಮೇದೋಜೀರಕಕ್ಕೆ ಪೆಟ್ಟಾಗಿ ಆಸ್ಪತ್ರೆ ಸೇರಿದವಳು, 2021ರ ಆಗಸ್ಟ್‌ನಲ್ಲಿ ನಂಜಿನಿಂದ ತೀರಿಕೊಂಡಳು. ನಂಜಾಗಬಹುದೆಂದು ಅವಳ ತಾಯಿ ಮೊದಲೇ ಭಯಪಟ್ಟು ಹೇಳಿದ್ದರು. ಬೇಗ ಐಸಿಯುಗೆ ಸಾಗಿಸಿದ್ದರೆ ಬಹುಶಃ ಬದುಕುತ್ತಿದ್ದಳು ಎಂದು ಅಲ್ಲಿನ ಮರಣ ವಿಚಾರಣಾಧಿಕಾರಿ ಹೇಳಿದರು. 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಾರ್ಥಾ ನಿಯಮ ಜಾರಿಗೆ ಬರುತ್ತಿದೆ. ಹಗಲಿರುಳು ಯಾವಾಗ ಬೇಕಾದರೂ ಮನೆಯವರು ಬೇರೊಂದು ತಂಡವನ್ನು ಕರೆಯಬಹುದು. ಸಿಬ್ಬಂದಿಯೂ ಕರೆಯಬಹುದು. ಇದರ ಜೊತೆಗೆ “ನೀವು ಹೇಗಿದ್ದೀರಿ, ನಿನ್ನೆಗಿಂತ ವಾಸಿಯೋ ಕೆಟ್ಟದ್ದೋ?” ಎಂದು ರೋಗಿಯನ್ನೂ ಮನೆಯವರನ್ನೂ ಪ್ರತಿದಿನ ಕೇಳಿ ಬರೆದುಕೊಳ್ಳಬೇಕು.

ಸಿಬ್ಬಂದಿಯೂ ಕರೆಯಬಹುದು ಎಂಬ ಮಾತನ್ನು ನಾನು ಮತ್ತೊಮ್ಮೆ ಬರೆಯುತ್ತೇನೆ. ಆ ರಾತ್ರಿ ಫೋನ್ ಎತ್ತದವರಿಗಾಗಿ ಕಾಯುತ್ತ ನಿಂತ ನರ್ಸ್ ನನ್ನಷ್ಟೇ ಕೈ ಕಟ್ಟಿದವರಾಗಿದ್ದರು. ಹಿರಿಯರನ್ನು ದಾಟಿ ಇನ್ನೊಬ್ಬರನ್ನು ಕರೆದರೆ ಬೆಳಿಗ್ಗೆ ಬೈಗುಳ ತಿನ್ನಬೇಕಾದವರು ಅವರೇ. ಇಂಥ ನಿಯಮ ಇದ್ದಿದ್ದರೆ ಅದು ಮೊದಲು ಅವರ ಬೆನ್ನಿಗೆ ನಿಲ್ಲುತ್ತಿತ್ತು. ಆದ್ದರಿಂದ ಸಿಬ್ಬಂದಿ ಕಡಿಮೆ ಇದ್ದಾರೆ, ಈ ಹೊಸ ಹೊರೆ ಬೇಡ ಎಂಬ ಮಾತನ್ನು ನಾನು ಒಪ್ಪಲಾರೆ. ಮೂವತ್ತು ಹಾಸಿಗೆಗಳಿಗೆ ಒಬ್ಬ ನರ್ಸ್ ಇರುವ ಕಡೆಯಲ್ಲೇ ಇನ್ನೂ ಮೂವತ್ತು ಜೋಡಿ ಕಣ್ಣುಗಳ ಸಹಾಯ ಹೆಚ್ಚು ಬೇಕು. ಖಾಲಿ ಹುದ್ದೆಗಳನ್ನು ತುಂಬಬೇಕು, ಅದು ಬೇರೆ ಹೋರಾಟ. ಅದು ಮುಗಿಯುವ ತನಕ ಇದನ್ನು ತಡೆಹಿಡಿಯಬೇಡಿ.

ಫ್ಯಾನ್ ತಿರುಗುತ್ತಿಲ್ಲ, ನೀರು ಬರುತ್ತಿಲ್ಲ ಎಂದೆಲ್ಲ ಜನ ಆ ಸಂಖ್ಯೆಗೆ ಕರೆ ಮಾಡುತ್ತಾರೆ ಎನ್ನುವವರಿದ್ದಾರೆ. ಮೊದಲ ಕೆಲವು ವಾರ ಮಾಡಬಹುದು. ಆದರೆ ನಮ್ಮ ಭಾಗದ ಜನರ ಸ್ವಭಾವ ನನಗೆ ಗೊತ್ತು. ಡಾಕ್ಟರ್ ಎದುರು ಕುರ್ಚಿಯಲ್ಲಿ ಕೂರಲೂ ಹಿಂಜರಿಯುವವರು ನಾವು. ಅತಿಯಾಗಿ ಕರೆಯುವುದಕ್ಕಿಂತ ಕರೆಯಬೇಕಾದಾಗಲೂ ಕರೆಯದೆ ಉಳಿಯುವುದೇ ಇಲ್ಲಿನ ಅಪಾಯ. ಇಂಗ್ಲೆಂಡಿನಲ್ಲಿ ಮೊದಲ ತಿಂಗಳುಗಳಲ್ಲಿ ಬಂದ ಕರೆಗಳಿಂದಲೇ ನೂರಾರು ರೋಗಿಗಳ ಚಿಕಿತ್ಸೆ ಬದಲಾಯಿತು.

ಇನ್ನು ಹಲ್ಲೆಯ ಭಯ. ಗಲಾಟೆ ಹೆಚ್ಚಾಗಿ ಸಾವಿನ ನಂತರ ಆಗುತ್ತದೆ. “ರಾತ್ರಿಯಿಡೀ ಹೇಳಿದೆವು, ಯಾರೂ ಬರಲಿಲ್ಲ” ಎಂಬುದೇ ಆ ಸಿಟ್ಟಿನ ಬೇರು. ಕರೆದಾಗ ಒಬ್ಬರು ಬಂದು ನೋಡಿದ್ದರೆ, ಜೀವ ಉಳಿಯದಿದ್ದರೂ, ಆ ಮಾತಿಗೆ ಎಡೆ ಇರುತ್ತಿರಲಿಲ್ಲ.

ಈಗ ನಿಮ್ಮಿಂದ ಏನಾಗಬಹುದು ಎಂಬುದಕ್ಕೆ ಬರುತ್ತೇನೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಅಧಿನಿಯಮಕ್ಕೆ 2017ರಲ್ಲಿ ಆದ ತಿದ್ದುಪಡಿ, ರೋಗಿಗಳ ಹಕ್ಕುಗಳ ಸನ್ನದನ್ನು ಕಾನೂನಿನೊಳಗೆ ತಂದಿತು. ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳಾದ ನೀವೇ. ಆದರೆ ಕುಂದುಕೊರತೆಯ ಅರ್ಜಿಯನ್ನು ಬರೆಯುವುದು ಎಲ್ಲ ಮುಗಿದ ಮೇಲೆ, ಅನೇಕರು ಬರೆಯುವುದು ತಿಥಿಯ ನಂತರ. ನಾನು ಕೇಳುತ್ತಿರುವುದು ಅದಕ್ಕೆ ಹಿಂದಿನ ರಾತ್ರಿಯ ಏರ್ಪಾಡು.

ಪ್ರತಿ ಆಸ್ಪತ್ರೆಯಲ್ಲೂ ರಾತ್ರಿ ಪಾಳಿಯಲ್ಲಿ ಇಂಥವರು ಎಂದು ಹೆಸರಿಸಿದ ಒಬ್ಬ ವೈದ್ಯರು ಮತ್ತು ಒಬ್ಬ ಅನುಭವಿ ನರ್ಸ್ ಇರಲಿ. ಅವರು ಆ ರೋಗಿಯ ಚಿಕಿತ್ಸೆಯ ತಂಡದವರಾಗಿರಬಾರದು, ಹೊಸ ಕಣ್ಣುಗಳಾಗಿರಬೇಕು. ಅವರ ಕೈಯಲ್ಲಿ ಒಂದು ಮೊಬೈಲ್ ಇರಲಿ, ಅದು ಪಾಳಿಯಿಂದ ಪಾಳಿಗೆ ದಾಟಲಿ. ಕರೆ ಬಂದ ಕಾಲು ಗಂಟೆಯೊಳಗೆ ಅವರು ಹಾಸಿಗೆಯ ಬಳಿ ಇರಬೇಕು. ದೊಡ್ಡ ಬೋಧಕ ಆಸ್ಪತ್ರೆಯಲ್ಲಿ ಇದು ಐಸಿಯು ವಿಭಾಗದವರಿಂದ ಆಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇರುವ ಒಬ್ಬರೇ ವೈದ್ಯರು ಎದ್ದು ಬಂದು ನೋಡಿ, ತಮ್ಮ ಕೈಮೀರಿದ್ದಾದರೆ ಆಗಲೇ 108 ಕರೆಸಿ ಮುಂದಕ್ಕೆ ಕಳುಹಿಸಬೇಕು, ಬೆಳಗಿನ ರೌಂಡ್ಸಿನ ತನಕ ಕಾಯಬಾರದು. ಕಾರು, ದುಡ್ಡು ಇದ್ದವರು “ಸೋಲಾಪುರಕ್ಕೆ ಒಯ್ಯೋಣ, ಹೈದರಾಬಾದಿಗೆ ಒಯ್ಯೋಣ” ಎಂದು ರಾತ್ರೋರಾತ್ರಿ ಹೊರಡುತ್ತಾರೆ. ಹೋಗಲಾರದವರಿಗೆ ವಾರ್ಡೇ ಗತಿ.

ಕರೆ ಬಂದ ಸಮಯ, ಬಂದು ನೋಡಿದ ಸಮಯ, ಯಾರು ನೋಡಿದರು, ಏನು ಮಾಡಿದರು ಎಂಬ ನಾಲ್ಕನ್ನೇ ಬರೆಯುವ ಒಂದು ವಹಿ ಇರಲಿ. ಅದು ತಿಂಗಳಿಗೊಮ್ಮೆ ನಿಮ್ಮ ಮೇಜಿಗೆ ಬರಲಿ. ಈ ವಹಿ ಇಲ್ಲದಿದ್ದರೆ ಫಲಕ ಬರೀ ಬಣ್ಣವಾಗಿ ಉಳಿಯುತ್ತದೆ ಎಂಬುದು ಸರ್ಕಾರಿ ಶಾಲೆಯಲ್ಲಿ ದುಡಿಯುವ ನನಗೆ ಚೆನ್ನಾಗಿ ಗೊತ್ತು. ಒಳಗಿನ ಕರೆಗೆ ಯಾರೂ ಓಗೊಡದಿದ್ದರೆ ಕೊನೆಯ ಮೆಟ್ಟಿಲಾಗಿ 104 ಆರೋಗ್ಯ ಸಹಾಯವಾಣಿಯನ್ನು ಇದಕ್ಕೆ ಜೋಡಿಸಬಹುದು. ಕ್ವೀನ್ಸ್‌ಲ್ಯಾಂಡ್ ಮಾಡಿದ್ದು ಅದನ್ನೇ, ಮತ್ತು ನಮ್ಮಲ್ಲಿ ಆ ಸಂಖ್ಯೆ ಈಗಾಗಲೇ ಇದೆ.

ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳ ಬಗ್ಗೆ ಇನ್ನೊಂದು ಮಾತು. ಬಿಳಿ ಕೋಟು ಹಾಕಿದ ಎಲ್ಲರನ್ನೂ ನಾವು ಡಾಕ್ಟರ್ ಎಂದೇ ತಿಳಿಯುತ್ತೇವೆ. ವಿದ್ಯಾರ್ಥಿ ಯಾರು, ಹೌಸ್ ಸರ್ಜನ್ ಯಾರು, ಪಿಜಿ ಯಾರು, ತಜ್ಞರು ಯಾರು ಎಂಬುದು ನಮಗೆ ತಿಳಿಯದು. “ಡಾಕ್ಟರ್ ನೋಡಿ ಹೋದರು” ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ 2000ದ ನವೆಂಬರ್‌ನಲ್ಲಿ ಹದಿನೈದು ವರ್ಷದ ಲೂಯಿಸ್ ಬ್ಲ್ಯಾಕ್‌ಮನ್ ಆಪರೇಷನ್ ನಂತರ ನಾಲ್ಕು ದಿನಗಳಲ್ಲಿ ಸತ್ತಾಗ ಅವನ ತಾಯಿ ಅನುಭವಿಸಿದ್ದೂ ಇದನ್ನೇ. ಹಿರಿಯ ವೈದ್ಯರನ್ನು ಕೇಳಿದರು, ಬಂದವರು ತರಬೇತಿಯಲ್ಲಿದ್ದ ವೈದ್ಯರು. 2005ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲೇ ಕಾಯ್ದೆ ಮಾಡಿ, ಯಾರು ಯಾವ ಹಂತದವರು ಎಂಬುದು ಬ್ಯಾಡ್ಜಿನಲ್ಲಿ ಕಾಣಬೇಕು ಎಂದಿತು. ನಮ್ಮಲ್ಲೂ ದೊಡ್ಡ ಕನ್ನಡ ಅಕ್ಷರಗಳ ಒಂದು ಬ್ಯಾಡ್ಜ್ ಸಾಕು. ಅದಕ್ಕೆ ಎಷ್ಟು ಖರ್ಚಾದೀತು?

ಎಲ್ಲ ಕಡೆ ಒಂದೇ ದಿನ ಆಗದು ಎಂದರೆ ಬಾಣಂತಿಯರ ವಾರ್ಡು ಮತ್ತು ಆಪರೇಷನ್ ನಂತರದ ವಾರ್ಡುಗಳಿಂದ ಆರಂಭಿಸಿ. ಕಲಬುರಗಿಯ ಸರ್ಕಾರಿ ಬೋಧಕ ಆಸ್ಪತ್ರೆಯಲ್ಲಿ ಮೂರು ತಿಂಗಳು ನಡೆಸಿ ನೋಡಿ. ಬೀದರ್ ಮತ್ತು ಯಾದಗಿರಿಯ ನಿಮ್ಮ ಸಹೋದ್ಯೋಗಿಗಳಿಗೂ ಆ ವಹಿಯನ್ನು ತೋರಿಸಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಬಲದಲ್ಲಿ ಈ ಭಾಗಕ್ಕೆ ಕಟ್ಟಡಗಳು ಬರುತ್ತಿವೆ, ಹಾಸಿಗೆಗಳು ಹೆಚ್ಚುತ್ತಿವೆ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಆ ವಿಧಿಯ ನೆನಪಿಗೆ 371 ಹಾಸಿಗೆಗಳನ್ನೇ ಇಟ್ಟಿದ್ದಾರೆ. ಅದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು.

ಫಲಕವನ್ನು ಹೇಗೆ ಬರೆಯಬೇಕು ಎಂಬುದರ ಬಗ್ಗೆ ಬಹಳ ಯೋಚಿಸಿದೆ. ಒಂದೇ ವಾರ್ಡಿನಲ್ಲಿ ಕನ್ನಡದವರು, ಉರ್ದು ಮಾತಾಡುವವರು, ಸೇಡಂ ಕಡೆಯ ತೆಲುಗಿನವರು, ಆಳಂದ ಕಡೆಯ ಮರಾಠಿಯವರು, ಚಿಂಚೋಳಿಯ ತಾಂಡಾಗಳ ಲಂಬಾಣಿ ಮಾತಿನವರು ಇರುತ್ತಾರೆ. ಪಕ್ಕದ ಹಾಸಿಗೆಯ ಆ ತಾಯಿಗೆ ಯಾವ ಅಕ್ಷರವೂ ಬಾರದು. ಆದ್ದರಿಂದ ಚಿತ್ರಗಳೇ ಬೇಕು. ದಾಖಲು ಮಾಡಿಕೊಳ್ಳುವಾಗಲೇ ಆ ಚಿತ್ರಗಳನ್ನು ಮನೆಯವರಿಗೆ ತೋರಿಸಿ, “ಇದರಲ್ಲಿ ಒಂದು ಕಂಡರೂ ಕರೆಯಿರಿ, ಕರೆದಿದ್ದಕ್ಕೆ ಯಾರೂ ಬೈಯುವುದಿಲ್ಲ” ಎಂದು ಬಾಯಿಬಿಟ್ಟು ಹೇಳಬೇಕು. ಆ ಕೊನೆಯ ಮಾತನ್ನು ಅಂದು ನನಗೆ ಯಾರಾದರೂ ಹೇಳಿದ್ದರೆ ನಾನು ಮೂರನೆಯ ಸಲವೂ ಎದ್ದು ಹೋಗುತ್ತಿದ್ದೆ.

ನನ್ನ ಒಂಬತ್ತನೆಯ ತರಗತಿಯ ಮಕ್ಕಳು ಒಂದು ಮಾದರಿ ಫಲಕ ಮಾಡಿದ್ದಾರೆ. ವೇಗವಾಗಿ ಏರಿಳಿಯುವ ಎದೆ, ತಣ್ಣಗಾದ ಕೈ, ಕರೆದರೂ ಕಣ್ಣು ಬಿಡದ ಮುಖ, ಸಂಬಂಧವಿಲ್ಲದ ಮಾತು, ಖಾಲಿ ಮೂತ್ರದ ಚೀಲ, ನೆನೆದ ಬಟ್ಟೆ ಎಂದು ಆರು ಚಿತ್ರಗಳು. ಗೊಂದಲದ ಮಾತನ್ನು ಹೇಗೆ ಬರೆಯುವುದೆಂದು ಬಹಳ ಚರ್ಚೆಯಾಯಿತು. ಕೊನೆಗೆ ಒಬ್ಬ ಹುಡುಗಿ, ಹಾಸಿಗೆಯ ಮೇಲೆ ಮಲಗಿದ ಅಜ್ಜಿಯ ತಲೆಯ ಮೇಲೆ ಒಂದು ಎಮ್ಮೆಯನ್ನು ಬರೆದಳು. ನನ್ನ ಅವ್ವನ ಕಥೆ ಅವರಿಗೆ ಗೊತ್ತು. ಕೆಳಗೆ ಒಂದು ಫೋನಿನ ಚಿತ್ರವಿದೆ. ಅದರ ಪಕ್ಕದಲ್ಲಿ ಸಂಖ್ಯೆ ಬರೆಯಲು ಜಾಗ ಬಿಟ್ಟಿದ್ದಾರೆ. ಫಲಕವನ್ನು ಈ ಪತ್ರದ ಜೊತೆಗೆ ನಿಮ್ಮ ಕಚೇರಿಗೆ ತಲುಪಿಸುತ್ತಿದ್ದೇನೆ. ಸಂಖ್ಯೆ ಯಾವುದೆಂದು ಮಕ್ಕಳು ಕೇಳುತ್ತಿದ್ದಾರೆ.

ಇಂತಿ,
ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ